ಕೌಬಾಯ್, ಕ್ವಿಯರ್ ಬದುಕು ಮತ್ತು ಸಾವು: ಅಮೆರಿಕದ ಪಶ್ಚಿಮದ ಚಿತ್ರಗಳನ್ನು ನೋಡುವ ಬಗೆ

ಪ್ರಶ್ನೆ: ಕೆಲವು ವರ್ಷಗಳಿಂದ ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಕೌಬಾಯ್ (ಕುದುರೆಯೇರಿ ದನ ಕಾಯುವವನ) ಚಿತ್ರಗಳನ್ನು ಸಾಕಷ್ಟು ನೋಡಿದ್ದೇನೆ. ಈಚೆಗೆ ಕಲಾಪುಸ್ತಕಗಳಲ್ಲಿ ಕ್ವಿಯರ್ ಕಲಾವಿದರು, ಅಂದರೆ ಸಲಿಂಗಪ್ರೇಮಿಗಳೂ ಗಂಡು ಹೆಣ್ಣೆಂಬ ರೂಢಿಯ ಗೆರೆಗೆ ಸಿಗದವರೂ ಆದ ಕಲಾವಿದರು, ಬರೆದ ಕೌಬಾಯ್ ಚಿತ್ರಗಳೂ ಕಣ್ಣಿಗೆ ಬಿದ್ದವು. ಗಂಡಸುತನಕ್ಕೇ ಹೆಸರಾದ ಈ ವ್ಯಕ್ತಿಯನ್ನು ಅವರು ಆರಿಸಿಕೊಳ್ಳುವುದೇಕೆ? ಇದು ಅಣಕವೇ? ಈ ಚಿತ್ರಗಳಲ್ಲಿ ಸಾವು ಮತ್ತೆ ಮತ್ತೆ ಬರುವುದೇಕೆ? ಕಲಾವಿದರ ಖಾಸಗಿ ಬದುಕನ್ನು ತಿಳಿಯದೆ ಇಂಥ ಚಿತ್ರಗಳನ್ನು ನೋಡಬಹುದೇ?

ಉತ್ತರ: ಅಣಕವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವು ಚಿತ್ರಗಳಲ್ಲಿ ನಗು ಇದೆ, ಕೆಣಕುವ ಉದ್ದೇಶವೂ ಇದೆ. ಆದರೆ ಈ ಪರಂಪರೆಯ ಒಳ್ಳೆಯ ಚಿತ್ರಗಳು ಕೌಬಾಯ್‌ನನ್ನು ಬಹಳ ಗಂಭೀರವಾಗಿ, ಎಷ್ಟೋ ಬಾರಿ ಪ್ರೀತಿಯಿಂದಲೇ ಕಂಡಿವೆ. ಗಂಡಸರು ಗಂಡಸರ ಜೊತೆಯಲ್ಲೇ ತಿಂಗಳುಗಟ್ಟಲೆ ಕಳೆಯುವ ಬದುಕು ಮತ್ತು ಮುಗಿಯುತ್ತಿರುವ ಒಂದು ಕಾಲದ ಬಗೆಗಿನ ಶೋಕ, ಇವೆರಡೂ ಕೌಬಾಯ್ ಚಿತ್ರಕಲೆಯಲ್ಲಿ ಮೊದಲಿನಿಂದಲೂ ಇದ್ದವು. ಕ್ವಿಯರ್ ಕಲಾವಿದರು ಅವನ್ನು ಹೊರಗಿನಿಂದ ತಂದು ಸೇರಿಸಲಿಲ್ಲ. ಅಲ್ಲಿಯೇ ಇದ್ದು ಯಾರೂ ಬಾಯಿಬಿಟ್ಟು ಹೇಳದಿದ್ದುದನ್ನು ಅವರು ಹೇಳಿದರು. ಇದನ್ನು ನೀವು ಇರುವ ರಾಜ್ಯದಲ್ಲೇ ಪರೀಕ್ಷಿಸಿ ನೋಡಬಹುದು.

ಫೋರ್ಟ್ ವರ್ತ್ ನಗರದ ಅಮೊನ್ ಕಾರ್ಟರ್ ವಸ್ತುಸಂಗ್ರಹಾಲಯದಲ್ಲಿ ಫ್ರೆಡರಿಕ್ ರೆಮಿಂಗ್ಟನ್ 1895ರಲ್ಲಿ ಬರೆದ ‘ದಿ ಫಾಲ್ ಆಫ್ ದಿ ಕೌಬಾಯ್’ ಎಂಬ ತೈಲವರ್ಣದ ಚಿತ್ರವಿದೆ. ರೆಮಿಂಗ್ಟನ್ ಎಂದರೆ ನಾಗಾಲೋಟದ ಕುದುರೆ, ಹಾರುವ ಧೂಳು, ಹೊಗೆಯುಗುಳುವ ಬಂದೂಕು ಎಂದು ನೆನಪಿಟ್ಟುಕೊಂಡವರಿಗೆ ಈ ಚಿತ್ರ ಅಚ್ಚರಿ ತರುತ್ತದೆ. ನೆಲದ ತುಂಬ ಹಿಮ. ಆಕಾಶವೂ ಹಿಮದ್ದೇ ಬೂದು ಬಣ್ಣ. ಇಬ್ಬರು ಸವಾರರಲ್ಲಿ ಒಬ್ಬ ಕುದುರೆಯಿಂದ ಇಳಿದು ಬೇಲಿಯ ದಾರಿಯನ್ನು ಬಿಡಿಸುತ್ತಿದ್ದಾನೆ, ಇನ್ನೊಬ್ಬ ಕುದುರೆಯ ಮೇಲೆಯೇ ಕುಳಿತು ಕಾಯುತ್ತಿದ್ದಾನೆ. ಕುದುರೆಗಳ ತಲೆ ಕೆಳಕ್ಕೆ ಬಾಗಿದೆ. ಇಲ್ಲಿ ಯಾರೂ ಸತ್ತಿಲ್ಲ, ಗುಂಡು ಹಾರಿಲ್ಲ. ಆದರೂ ಇದು ಸಾವಿನ ಚಿತ್ರ. ಸತ್ತಿರುವುದು ಒಂದು ಜೀವನಕ್ರಮ, ಅದನ್ನು ಕೊಂದ ಬೇಲಿ ಚಿತ್ರದಲ್ಲಿಯೇ ಇದೆ. 1874ರಲ್ಲಿ ಜೋಸೆಫ್ ಗ್ಲಿಡನ್‌ಗೆ ಮುಳ್ಳುತಂತಿಯ ಪೇಟೆಂಟ್ ದೊರೆತ ಮೇಲೆ ತೆರೆದ ಹುಲ್ಲುಗಾವಲು ತುಂಡುತುಂಡಾಯಿತು. 1886–87ರ ಭೀಕರ ಚಳಿಗಾಲದಲ್ಲಿ ಉತ್ತರದ ಬಯಲುಗಳಲ್ಲಿ ದನಗಳು ಹಿಂಡುಹಿಂಡಾಗಿ ಸತ್ತವು. ರೈಲುಹಾದಿಗಳು ದಕ್ಷಿಣಕ್ಕೆ ಇಳಿದುಬಂದಂತೆ ಟೆಕ್ಸಾಸ್‌ನಿಂದ ಕ್ಯಾನ್ಸಾಸ್‌ವರೆಗೆ ದನ ಹೊಡೆದುಕೊಂಡು ಹೋಗುವ ಕೆಲಸವೇ ಇಲ್ಲವಾಯಿತು. ಆ ಬದುಕು ಹೆಚ್ಚೆಂದರೆ ಇಪ್ಪತ್ತು ವರ್ಷ ನಡೆಯಿತು. ರೆಮಿಂಗ್ಟನ್ ಈ ಚಿತ್ರ ಬರೆಯುವ ಹೊತ್ತಿಗೆ ಅದು ಮುಗಿದುಹೋಗಿತ್ತು. ಅಂದರೆ ನಮಗೆ ಇಂದು ಪರಿಚಿತನಾಗಿರುವ ಕೌಬಾಯ್ ಬಹುಮಟ್ಟಿಗೆ ತೀರಿಹೋದವನ ನೆನಪಿನಲ್ಲಿ ಬರೆದ ಭಾವಚಿತ್ರ.

ಇನ್ನೊಂದನ್ನೂ ಗಮನಿಸಿ. ಹಿಮದಲ್ಲಿ ಆ ಇಬ್ಬರಿಗೆ ಬೇರೆ ಯಾರೂ ಇಲ್ಲ. ದನ ಸಾಗಿಸುವ ತಂಡದಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಜನ ಇರುತ್ತಿದ್ದರು, ಎರಡು ಮೂರು ತಿಂಗಳು ಒಟ್ಟಿಗೆ ಉಂಡು, ಒಟ್ಟಿಗೆ ಬಯಲಿನಲ್ಲಿ ಮಲಗಿ, ಸರದಿಯ ಮೇಲೆ ರಾತ್ರಿ ಕಾವಲು ಕಾಯುತ್ತಿದ್ದರು. ಹೊಳೆ ದಾಟುವಾಗ ಮುಳುಗಿ, ಬೆದರಿದ ಹಿಂಡಿನ ಗೊರಸಿಗೆ ಸಿಕ್ಕಿ, ಸಿಡಿಲು ಬಡಿದು, ರಿಕಾಪಿನಲ್ಲಿ ಕಾಲು ಸಿಲುಕಿ ಕುದುರೆಯಿಂದ ಎಳೆಯಲ್ಪಟ್ಟು ಸತ್ತವರನ್ನು ದಾರಿಯ ಬದಿಯಲ್ಲೇ ಜೊತೆಗಾರರು ಹೂಳುತ್ತಿದ್ದರು. ಹೆಂಗಸರಿಲ್ಲದ ಊರುಗಳಲ್ಲಿ ಕುಣಿತ ನಡೆದಾಗ ಕೆಲವರು ತೋಳಿಗೆ ಕರವಸ್ತ್ರ ಕಟ್ಟಿಕೊಂಡು ಹೆಣ್ಣಿನ ಸ್ಥಾನದಲ್ಲಿ ಕುಣಿಯುತ್ತಿದ್ದರು. ಇದರಿಂದ ಅವರೆಲ್ಲ ಸಲಿಂಗಪ್ರೇಮಿಗಳಾಗಿದ್ದರು ಎಂದು ತೀರ್ಮಾನಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಯಾರೊಬ್ಬರೂ ಆಗಿರಲಿಲ್ಲ ಎಂದು ಹೇಳುವುದೂ ಅಷ್ಟೇ ದೊಡ್ಡ ಅನ್ಯಾಯ. ಅಲ್ಲಿ ಗಂಡಸರ ನಡುವೆ ಆಳವಾದ ಒಡನಾಟವಿತ್ತು, ಅದಕ್ಕೊಂದು ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದಲೇ ಅದು ಮುಂದಿನವರ ಕೈಗೆ ಸಿಕ್ಕಿತು. ಆ ಸವಾರರಲ್ಲಿ ಕರಿಯರೂ ಮೆಕ್ಸಿಕೊದವರೂ ಬಹಳ ಮಂದಿ ಇದ್ದರು, ಹಗ್ಗ, ಜೀನು, ಟೋಪಿಗಳೆಲ್ಲ ಮೆಕ್ಸಿಕೊದ ದನಗಾಹಿಗಳಿಂದಲೇ ಬಂದವು ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಚಿತ್ರಗಳು ಬಹುಪಾಲು ಮರೆಸಿದವು.

ಅದೇ ವಸ್ತುಸಂಗ್ರಹಾಲಯದಲ್ಲಿ ಥಾಮಸ್ ಈಕಿನ್ಸ್ 1885ರಲ್ಲಿ ಬರೆದ ‘ಸ್ವಿಮಿಂಗ್’ ಕೂಡ ಇದೆ. ಫಿಲಡೆಲ್ಫಿಯಾದ ಹೊರಗೆ, ನೀರಿನ ಅಂಚಿನ ಬಂಡೆಯ ಮೇಲೆ ಬಟ್ಟೆಯಿಲ್ಲದ ಯುವಕರು ಒರಗಿದ್ದಾರೆ, ನಿಂತಿದ್ದಾರೆ, ನೀರಿಗೆ ಧುಮುಕುತ್ತಿದ್ದಾರೆ. ಕಲಾವಿದ ತಾನೇ ನೀರಿನಲ್ಲಿದ್ದು ಅವರತ್ತ ಈಜಿ ಬರುತ್ತಿದ್ದಾನೆ. ಈಕಿನ್ಸ್ ಯಾರನ್ನು ಪ್ರೀತಿಸುತ್ತಿದ್ದ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ, ನಾನು ಅದನ್ನು ಇಲ್ಲಿ ಮುಗಿಸಲಾರೆ. ಆದರೆ ವಿದ್ಯಾರ್ಥಿನಿಯರ ಎದುರು ಗಂಡು ರೂಪದರ್ಶಿಯ ಸೊಂಟದ ಬಟ್ಟೆ ತೆಗೆಸಿದನೆಂಬ ಕಾರಣಕ್ಕೆ 1886ರಲ್ಲಿ ಅವನು ಕಲಿಸುತ್ತಿದ್ದ ಕಲಾಶಾಲೆ ಪೆನ್ಸಿಲ್ವೇನಿಯಾ ಅಕಾಡೆಮಿ ಅವನನ್ನು ಹೊರಹಾಕಿತು. ಮನಸ್ಸು ಕುಸಿದ ಅವನು 1887ರ ಬೇಸಿಗೆಯಲ್ಲಿ ಚೇತರಿಕೆಗಾಗಿ ಹೋದದ್ದು ಡಕೋಟಾದ ಒಂದು ದನದ ರಾಂಚಿಗೆ. ಅಲ್ಲಿಂದ ಕೌಬಾಯ್ ಉಡುಪು ತಂದು, ಆಮೇಲೆ ಅದನ್ನು ತನ್ನ ಶಿಷ್ಯನೊಬ್ಬನಿಗೆ ತೊಡಿಸಿ ಚಿತ್ರ ಬರೆದ. ಊರು ಹೊರಹಾಕಿದವನು ಪಶ್ಚಿಮಕ್ಕೆ ಹೋಗಿ ಉಸಿರಾಡಿ ಬರುವ ಈ ಕಥೆ ಮುಂದೆ ಎಷ್ಟೋ ಜನರ ಕಥೆಯಾಯಿತು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಆ ಬಯಕೆಯನ್ನು ಮೊದಲು ಮುಚ್ಚುಮರೆಯಿಲ್ಲದೆ ಬರೆದವನು ಜಾರ್ಜ್ ಕ್ವೇಂಟೆನ್ಸ್. ವರ್ಜೀನಿಯಾದ ಹಳ್ಳಿಗಾಡಿನಲ್ಲಿ 1902ರಲ್ಲಿ ಹುಟ್ಟಿ, ನಾಟಕ ಕಂಪನಿಗಳಲ್ಲಿ ಕುಣಿದು, ಕೇಶವಿನ್ಯಾಸ ಮಾಡಿ, ಕೊನೆಗೆ ಅರಿಜೋನಾದ ಫೀನಿಕ್ಸ್ ಬಳಿ ನೆಲೆಸಿದ ಇವನು ಬಿಗಿಯಾದ ಡೆನಿಮ್ ತೊಟ್ಟ, ನುಣುಪಾದ ಮೈಯ ಕೌಬಾಯ್‌ಗಳನ್ನು ಸಾಲುಸಾಲಾಗಿ ಬರೆದ. ಲಾಸ್ ಏಂಜಲೀಸ್‌ನ ಬಾಬ್ ಮೈಜರ್ 1951ರಲ್ಲಿ ಆರಂಭಿಸಿದ ‘ಫಿಸೀಕ್ ಪಿಕ್ಟೋರಿಯಲ್’ನಂಥ ಪತ್ರಿಕೆಗಳು ಇವುಗಳ ಪ್ರತಿಗಳನ್ನು ಅಂಚೆಯ ಮೂಲಕ ಸಾವಿರಾರು ಒಂಟಿ ಮನೆಗಳಿಗೆ ತಲುಪಿಸಿದವು. ಅಂಚೆ ಇಲಾಖೆ ಇಂಥ ಪತ್ರಿಕೆಗಳ ಬೆನ್ನುಹತ್ತುತ್ತಿತ್ತು. ಅವು ಅಶ್ಲೀಲವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1962ರಲ್ಲಿ, ಕ್ವೇಂಟೆನ್ಸ್ ಸತ್ತು ಐದು ವರ್ಷಗಳಾದ ಮೇಲೆ. ಅವನ ಧೈರ್ಯಕ್ಕೆ ನನ್ನ ಪೂರ್ಣ ಗೌರವವಿದೆ. ಆದರೂ ಚಿತ್ರಗಳಾಗಿ ಅವು ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ಅಲ್ಲಿ ಬಿಸಿಲಿಗೆ ಬೇಗೆಯಿಲ್ಲ, ಮೈಗೆ ಧೂಳು ಹತ್ತುವುದಿಲ್ಲ, ಯಾರಿಗೂ ವಯಸ್ಸಾಗುವುದಿಲ್ಲ. ಸಾವನ್ನು ಪೂರಾ ಹೊರಗಿಟ್ಟಿರುವುದರಿಂದ ದೇಹಕ್ಕೆ ತೂಕವೇ ಬಂದಿಲ್ಲ. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ತೊಡಗುತ್ತದೆ: ಮುಂದಿನ ಕಲಾವಿದರು ಸಾವನ್ನು ಚಿತ್ರದೊಳಕ್ಕೆ ಕರೆತಂದಾಗ ಕೌಬಾಯ್ ಮತ್ತೆ ಮನುಷ್ಯನಾದ.

ಆಂಡಿ ವಾರ್ಹಾಲ್‌ನ ‘ಡಬಲ್ ಎಲ್ವಿಸ್’ನ್ನು ಬಹಳ ಜನ ಕೇವಲ ತಾರಾಪಟ್ಟದ ಚಿತ್ರವೆಂದು ನೋಡಿ ಮುಂದೆ ಹೋಗುತ್ತಾರೆ. 1963ರಲ್ಲಿ ಮಾಡಿದ, ಸುಮಾರು ಏಳು ಅಡಿ ಎತ್ತರದ ಈ ಕೃತಿ ನ್ಯೂಯಾರ್ಕ್‌ನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿದೆ. ಬೆಳ್ಳಿಬಣ್ಣ ಬಳಿದ ಕ್ಯಾನ್ವಾಸಿನ ಮೇಲೆ ಕೌಬಾಯ್ ಉಡುಪಿನ ಎಲ್ವಿಸ್ ಪ್ರೆಸ್ಲಿ ಕಾಲು ಅಗಲಿಸಿ ನಿಂತು ನೇರವಾಗಿ ನೋಡುಗನತ್ತ ಪಿಸ್ತೂಲು ಹಿಡಿದಿದ್ದಾನೆ. ಅದೇ ಆಕೃತಿ ಇನ್ನೊಮ್ಮೆ ಪಕ್ಕದಲ್ಲಿ, ಒಂದರ ಮೇಲೊಂದು ಹಾಯುವಂತೆ ಅಚ್ಚಾಗಿದೆ. ಸಿಲ್ಕ್‌ಸ್ಕ್ರೀನ್ ಅಚ್ಚಿನಲ್ಲಿ ಶಾಯಿ ಕೆಲವೆಡೆ ಗಾಢವಾಗಿ, ಕೆಲವೆಡೆ ತೆಳುವಾಗಿ ಹತ್ತುತ್ತದೆ, ಹೀಗಾಗಿ ಆಳು ಅಲ್ಲಿಯೇ ಇದ್ದೂ ಕರಗುತ್ತಿರುವಂತೆ ಕಾಣುತ್ತದೆ. ಇದಕ್ಕೆ ಮೂಲವಾದ ಛಾಯಾಚಿತ್ರ 1960ರ ‘ಫ್ಲೇಮಿಂಗ್ ಸ್ಟಾರ್’ ಚಲನಚಿತ್ರದ ಪ್ರಚಾರಕ್ಕೆ ತೆಗೆದದ್ದು. ಅದರಲ್ಲಿ ಎಲ್ವಿಸ್‌ನ ಪಾತ್ರ ಬಿಳಿಯ ತಂದೆಗೂ ಕೈಯೊವಾ ಬುಡಕಟ್ಟಿನ ತಾಯಿಗೂ ಹುಟ್ಟಿದವನದು. ಎರಡು ಕಡೆಯವರೂ ಅವನನ್ನು ತಮ್ಮವನೆಂದು ಒಪ್ಪುವುದಿಲ್ಲ. ಮಾರಣಾಂತಿಕವಾಗಿ ಗಾಯಗೊಂಡ ಅವನು ಸಾವಿನ ನಕ್ಷತ್ರವನ್ನು ಕಂಡು ಕೊನೆಗೆ ಒಬ್ಬನೇ ಸಾಯಲು ಕುದುರೆಯೇರಿ ಹೋಗುತ್ತಾನೆ.

ಇದೇ ತಿಂಗಳುಗಳಲ್ಲಿ ವಾರ್ಹಾಲ್ ಕಾರು ಅಪಘಾತ, ಆತ್ಮಹತ್ಯೆ, ವಿದ್ಯುತ್ ಕುರ್ಚಿಗಳ ಪತ್ರಿಕಾ ಚಿತ್ರಗಳನ್ನು ಅದೇ ಅಚ್ಚಿನ ಕ್ರಮದಲ್ಲಿ ದೊಡ್ಡದು ಮಾಡುತ್ತಿದ್ದ. ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಎಲ್ವಿಸ್ ಕೂಡ ಆ ಸಾಲಿನವನೇ ಎಂದು ನನಗೆ ಅನ್ನಿಸುತ್ತದೆ. ವಾರ್ಹಾಲ್ ಅಚ್ಚು ಹಾಕಿದ ಕ್ಯಾನ್ವಾಸಿನ ಸುರುಳಿಯನ್ನೇ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಗೆ ಕಳಿಸಿ, ಬೇಕಾದಂತೆ ಕತ್ತರಿಸಿಕೊಳ್ಳುವಂತೆ ಹೇಳಿದ. ಕೌಬಾಯ್ ಎಲ್ಲಿ ಮುಗಿಯಬೇಕೆಂಬುದನ್ನು ಗ್ಯಾಲರಿಯವರ ಕತ್ತರಿ ನಿರ್ಧರಿಸಿತು. ಗಂಡಸಿನ ಸೊಂಟ, ತೊಡೆ, ತುಟಿಗಳ ಮೇಲೆ ನಿಂತ ಕಣ್ಣು ಒಬ್ಬ ಸಲಿಂಗಪ್ರೇಮಿಯದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಕಣ್ಣು ಬಯಸಿದವನ ಕೈಯಲ್ಲೇ ಪಿಸ್ತೂಲಿದೆ, ಅದರ ಗುರಿ ನೋಡುವವನ ಎದೆಯ ಕಡೆಗಿದೆ. ಬಯಕೆ ಮತ್ತು ಅಪಾಯವನ್ನು ಒಂದೇ ಭಂಗಿಯಲ್ಲಿ ಹಿಡಿದಿಟ್ಟ ಇಂಥ ಚಿತ್ರಗಳು ಹೆಚ್ಚಿಲ್ಲ.

ನಿಮ್ಮ ಪ್ರಶ್ನೆಯ ನಡುವೆಯೇ ನಿಲ್ಲುವ ಕಲಾವಿದನೆಂದರೆ ಡೆಲ್ಮಾಸ್ ಹೋವ್. 1935ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಹುಟ್ಟಿ ನ್ಯೂ ಮೆಕ್ಸಿಕೊದ ‘ಟ್ರೂತ್ ಆರ್ ಕಾನ್ಸಿಕ್ವೆನ್ಸಸ್’ ಎಂಬ ಸಣ್ಣ ಊರಿನಲ್ಲಿ ಬೆಳೆದವನು. (ಬಿಸಿನೀರಿನ ಬುಗ್ಗೆಗಳ ಈ ಊರು 1950ರಲ್ಲಿ ಒಂದು ರೇಡಿಯೊ ಕಾರ್ಯಕ್ರಮದ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು.) ವಾಯುಪಡೆಯಲ್ಲಿ ಕೆಲಸ ಮಾಡಿ, ಸಂಗೀತ ಕಲಿತು, ನ್ಯೂಯಾರ್ಕ್‌ನಲ್ಲಿ ಚಿತ್ರಕಲೆ ಅಭ್ಯಾಸ ಮಾಡಿ, ಕೊನೆಗೆ ನೈಋತ್ಯದ ಮರುಭೂಮಿಗೇ ಮರಳಿದ. 1970ರ ದಶಕದಲ್ಲಿ ಅವನು ‘ರೋಡಿಯೊ ಪ್ಯಾಂಥಿಯನ್’ ಎಂಬ ಸರಣಿಯನ್ನು ಕೈಗೆತ್ತಿಕೊಂಡ. ರೋಡಿಯೊ ಎಂದರೆ ಕೌಬಾಯ್‌ಗಳು ಕುದುರೆ, ಗೂಳಿಗಳನ್ನು ಏರಿ ಹಿಡಿತ ತೋರಿಸುವ ಪಂದ್ಯ. ಗ್ರೀಕ್ ಪುರಾಣದ ದೇವತೆಗಳು ಮತ್ತು ವೀರರು ಇಲ್ಲಿ ರೋಡಿಯೊ ದೊಡ್ಡಿಯ ಕೌಬಾಯ್‌ಗಳಾಗಿದ್ದಾರೆ. 1978ರ ‘ದಿ ತ್ರೀ ಗ್ರೇಸಸ್’ನಲ್ಲಿ ರಾಫೇಲ್, ರೂಬೆನ್ಸ್, ಕನೋವಾ ಮುಂತಾದವರು ಬೆತ್ತಲೆ ದೇವಿಯರನ್ನು ನಿಲ್ಲಿಸಿದ ಜಾಗದಲ್ಲಿ ಮೂವರು ಕೌಬಾಯ್‌ಗಳು ನಿಂತಿದ್ದಾರೆ.

ಇದನ್ನೇ ನೀವು ಅಣಕವೆಂದು ಸಂಶಯಪಟ್ಟಿರಬಹುದು. ಚಿತ್ರ ಬರೆದ ರೀತಿಯನ್ನು ನೋಡಿ. ಹೋವ್ ಹಳೆಯ ಯುರೋಪಿನ ಚಿತ್ರಕಲೆಯ ರೇಖಾಶಿಸ್ತನ್ನು, ದೇಹರಚನೆಯ ತಿಳಿವಳಿಕೆಯನ್ನು, ಮೈಮೇಲೆ ಬೆಳಕು ಹರಿಯುವ ಕ್ರಮವನ್ನು ಕೊಂಚವೂ ಸಡಿಲಿಸುವುದಿಲ್ಲ. ಅಣಕಿಸುವವನು ಮೂಲವನ್ನು ಸರಳಗೊಳಿಸಿ ಉಬ್ಬಿಸುತ್ತಾನೆ. ಹೋವ್ ಮಾಡಿದ್ದು ಅದರ ಬೆಲೆಯನ್ನು ಪೂರ್ತಿ ತೆತ್ತು, ಹಳೆಯ ಗುರುಗಳು ಹೆಣ್ಣಿನ ದೇಹಕ್ಕೆ ಕೊಟ್ಟ ಗೌರವವನ್ನು ತಾನು ಚಿಕ್ಕಂದಿನಿಂದ ಕಂಡ ಗಂಡಸರ ದೇಹಕ್ಕೆ ಕೊಡುವ ಕೆಲಸ. ಬೂಟಿನ ಚರ್ಮದ ಮಡಿಕೆ, ಬೆಲ್ಟಿನ ಬಕ್ಕಲ್, ಮಾಸಿದ ಜೀನ್ಸ್‌ನ ಮೊಣಕಾಲು ಇವೆಲ್ಲ ಆ ಊರಿನವನಿಗೆ ತಿಳಿದಿರುವಂತೆಯೇ ಇವೆ. ಅದೇ ಹೊತ್ತಿನಲ್ಲಿ ಚಿತ್ರದ ಹೊರಗೂ ಹೀಗೊಂದು ಬೆಳವಣಿಗೆ ನಡೆಯಿತು: 1976ರಲ್ಲಿ ನೆವಾಡಾದ ರೀನೊ ನಗರದಲ್ಲಿ ಫಿಲ್ ರ‍್ಯಾಗ್ಸ್‌ಡೇಲ್ ಎಂಬವರು ಸಲಿಂಗಪ್ರೇಮಿಗಳ ಮೊದಲ ರೋಡಿಯೊ ನಡೆಸಿದರು, 1985ರಲ್ಲಿ ಅಂಥ ರೋಡಿಯೊಗಳದ್ದೇ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ದನಕರುಗಳ ನಡುವೆಯೇ ಬೆಳೆದ ಎಷ್ಟೋ ಮಂದಿಗೆ ಆ ಟೋಪಿ, ಆ ಬೂಟು ವೇಷವಾಗಿರಲಿಲ್ಲ, ದಿನನಿತ್ಯದ ಬಟ್ಟೆಯಾಗಿತ್ತು. ಕೌಬಾಯ್ ಬೇರೆ, ಕ್ವಿಯರ್ ವ್ಯಕ್ತಿ ಬೇರೆ ಎಂದು ಮೊದಲೇ ಎಣಿಸಿಕೊಂಡಾಗ ಮಾತ್ರ ಇಬ್ಬರನ್ನೂ ಒಂದು ಚಿತ್ರದಲ್ಲಿ ಸೇರಿಸುವುದು ಅಣಕವಾಗಿ ತೋರುತ್ತದೆ.

ಹೋವ್‌ನ ದೇವತೆಗಳಲ್ಲೂ ಸಾವಿನ ನೆರಳು ಆಗಲೇ ಬಿದ್ದಿತ್ತು. 1980ರ ದಶಕದ ಆರಂಭದಲ್ಲಿ ಅವನು ಥೀಸಿಯಸ್ ಮತ್ತು ಪಿರಿಥೋಸ್ ಎಂಬ ಜೀವದ ಗೆಳೆಯರನ್ನು ರೋಡಿಯೊ ಕಟಕಟೆಯ ಬಳಿ, ಗೂಳಿಗಳು ಹೊರಕ್ಕೆ ನುಗ್ಗುವ ಇಕ್ಕಟ್ಟಾದ ಬಾಗಿಲಿನ ಹತ್ತಿರ ನಿಲ್ಲಿಸಿ ಬರೆದ. ಪುರಾಣದಲ್ಲಿ ಈ ಇಬ್ಬರೂ ಜೊತೆಯಾಗಿ ಪಾತಾಳಕ್ಕೆ ಇಳಿಯುತ್ತಾರೆ. ಥೀಸಿಯಸ್ ಮರಳಿ ಬರುತ್ತಾನೆ, ಪಿರಿಥೋಸ್ ಅಲ್ಲಿಯೇ ಉಳಿದುಬಿಡುತ್ತಾನೆ. ಈ ಕಥೆಯ ನಿಜವಾದ ಭಾರ ಆ ತಲೆಮಾರಿಗೆ ತಿಳಿದದ್ದು ಸ್ವಲ್ಪ ಸಮಯದ ಮೇಲೆ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾದ ಬಗ್ಗೆ ವರದಿ ಮಾಡಿತು. ಆಮೇಲೆ ಏಡ್ಸ್ ಎಂಬ ಹೆಸರು ಬಂತು. ಸಂಯುಕ್ತ ಔಷಧಗಳ ಚಿಕಿತ್ಸೆ 1996ರಲ್ಲಿ ಕೈಗೆ ಸಿಗುವವರೆಗೆ ಆ ಕಾಯಿಲೆ ಹಿಡಿದವರಲ್ಲಿ ಬಹುಪಾಲು ಜನ ಸತ್ತರು. ಉಳಿದವರು ತಮ್ಮ ಇಡೀ ಗೆಳೆಯರ ಬಳಗವನ್ನು ಮಣ್ಣು ಮಾಡಿದರು. ಸಲಿಂಗಪ್ರೇಮಿಗಳ ರೋಡಿಯೊಗಳು ಆ ವರ್ಷಗಳಲ್ಲಿ ರೋಗಿಗಳ ಆರೈಕೆಗೆ ಹಣ ಕೂಡಿಸಿದವು.

ಆ ನಷ್ಟದಲ್ಲಿ ತನ್ನ ಸಂಗಾತಿಯನ್ನೂ ಕಳೆದುಕೊಂಡ ಹೋವ್ ‘ಸ್ಟೇಷನ್ಸ್: ಎ ಗೇ ಪ್ಯಾಶನ್’ ಎಂಬ ಸರಣಿಯನ್ನು ಬರೆದ. ಕ್ಯಾಥೋಲಿಕ್ ಚರ್ಚುಗಳ ಗೋಡೆಗಳ ಮೇಲೆ ಕ್ರಿಸ್ತನ ಶಿಲುಬೆಯ ಹಾದಿಯನ್ನು ಹದಿನಾಲ್ಕು ಹಂತಗಳಲ್ಲಿ ತೋರಿಸುವ ಸಂಪ್ರದಾಯ ನಿಮಗೆ ಗೊತ್ತಿರಬಹುದು. ಹೋವ್ ಆ ಹಾದಿಯನ್ನು ನ್ಯೂಯಾರ್ಕ್‌ನ ಹಡ್ಸನ್ ನದಿಯ ದಂಡೆಯಲ್ಲಿ ಪಾಳುಬಿದ್ದ ಹಡಗುಕಟ್ಟೆಗಳಿಗೆ ತಂದ. 1970ರ ದಶಕದಲ್ಲಿ ಗಂಡಸರು ಪರಸ್ಪರ ಭೇಟಿಯಾಗುತ್ತಿದ್ದ, ಆಮೇಲೆ ನಗರ ಕೆಡವಿಹಾಕಿದ ಜಾಗಗಳವು. ಮೊದಲ ಸರಣಿಯಲ್ಲಿ ಅಮರರಾಗಿ ನಿಂತಂಥ ದೇಹಗಳೇ ಇಲ್ಲಿ ಬೀಳುತ್ತವೆ, ಹೊರೆ ಹೊರುತ್ತವೆ, ಇನ್ನೊಬ್ಬರ ತೋಳಿನಲ್ಲಿ ಜೋತುಬೀಳುತ್ತವೆ. ಕೆಲವು ಶ್ರದ್ಧಾವಂತರಿಗೆ ಇದು ನೋವು ತಂದಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಮ್ಮ ಸಾವು ತಮ್ಮ ಪಾಪದ ಫಲವೆಂದು ಪ್ರಾರ್ಥನಾಮಂದಿರಗಳಲ್ಲೇ ಕೇಳಿಸಿಕೊಳ್ಳುತ್ತಿದ್ದವರಿಗೆ, ನರಳುವ ದೇಹವನ್ನು ಪವಿತ್ರವೆಂದು ಕಾಣುವ ಚಿತ್ರಭಾಷೆ ಆ ಮಂದಿರಗಳ ಗೋಡೆಯ ಮೇಲೆಯೇ ಇತ್ತು. ಬೇರೆ ಯಾವ ಭಾಷೆ ಅವರಿಗೆ ಅಷ್ಟು ಹತ್ತಿರವಾಗುತ್ತಿತ್ತು? ನ್ಯೂ ಮೆಕ್ಸಿಕೊದಲ್ಲಂತೂ ಸಾವನ್ನು ಎದುರಿಗೆ ಕೂರಿಸಿಕೊಳ್ಳುವ ಸಂಪ್ರದಾಯ ಹಳೆಯದು: ಅಲ್ಲಿನ ಧಾರ್ಮಿಕ ಸಹೋದರ ಸಂಘಗಳು ಬಿಲ್ಲು ಬಾಣ ಹಿಡಿದ ಅಸ್ಥಿಪಂಜರವನ್ನು ಮರದ ಬಂಡಿಯಲ್ಲಿ ಕೂರಿಸಿ ಮೆರವಣಿಗೆಯಲ್ಲಿ ಎಳೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಅಂಥ ಮರದ ಶಿಲ್ಪಗಳು ಇಂದಿಗೂ ಉಳಿದಿವೆ.

ಇನ್ನು ಬೇಲಿಯ ಮಾತು. 1998ರ ಅಕ್ಟೋಬರ್‌ನಲ್ಲಿ ವಯೋಮಿಂಗ್‌ನ ಲ್ಯಾರಮಿ ಊರಿನ ಹೊರಗೆ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಸಲಿಂಗಪ್ರೇಮಿ ವಿದ್ಯಾರ್ಥಿಯನ್ನು ಹೊಡೆದು, ಹುಲ್ಲುಗಾವಲಿನ ಮರದ ಬೇಲಿಗೆ ಕಟ್ಟಿ ಬಿಟ್ಟುಹೋದರು. ಮರುದಿನ ಅವನನ್ನು ಮೊದಲು ಕಂಡ ಸೈಕಲ್ ಸವಾರ ಅದೊಂದು ಬೆದರುಬೊಂಬೆಯೆಂದು ಭಾವಿಸಿದ. ಅಕ್ಟೋಬರ್ 12ರಂದು ಅವನು ತೀರಿಕೊಂಡ. ವಯೋಮಿಂಗ್ ತನ್ನನ್ನು ಕೌಬಾಯ್ ರಾಜ್ಯವೆಂದೇ ಕರೆದುಕೊಳ್ಳುತ್ತದೆ. ಅಲ್ಲಿಂದೀಚೆಗೆ ಪಶ್ಚಿಮದ ಬೇಲಿ, ಹಗ್ಗ, ಕಟ್ಟಿದ ಕೈಗಳು ಕ್ವಿಯರ್ ಕಲಾವಿದರಿಗೆ ಬರಿಯ ಅಲಂಕಾರದ ವಸ್ತುಗಳಾಗಿ ಉಳಿದಿಲ್ಲ. ನೀವಿರುವ ಟೆಕ್ಸಾಸ್‌ನಲ್ಲಿ ಇಬ್ಬರು ಗಂಡಸರ ದೈಹಿಕ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದುಮಾಡಿದ್ದು 2003ರಲ್ಲಿ. ಈ ಚಿತ್ರಗಳಲ್ಲಿ ಸಾವು ಏಕೆ ಎಂದು ಕೇಳುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾವು ಇಲ್ಲಿ ಬರಿಯ ತತ್ತ್ವದ ವಿಷಯವಲ್ಲ.

ಇಷ್ಟಾದರೂ ಒಂದು ದೊಡ್ಡ ಕೊರತೆ ಉಳಿಯುತ್ತದೆ. ರೆಮಿಂಗ್ಟನ್ ಕೌಬಾಯ್‌ಗಾಗಿ ಮರುಗಿದ. ಆ ಹುಲ್ಲುಗಾವಲಿನಿಂದ ಮೊದಲು ಓಡಿಸಲ್ಪಟ್ಟವರಿಗಾಗಿ ಮರುಗಿದವರು ಯಾರು? ಈ ಪ್ರಶ್ನೆಯನ್ನು ಎಲ್ಲರಿಗಿಂತ ಬಲವಾಗಿ ಕೇಳಿದವನು ಕೆನಡಾದ ಕ್ರೀ ಎಂಬ ಮೂಲನಿವಾಸಿ ಜನಾಂಗದ ಕಲಾವಿದ ಕೆಂಟ್ ಮಂಕ್‌ಮನ್. 1965ರಲ್ಲಿ ಹುಟ್ಟಿದ ಇವನು ‘ಮಿಸ್ ಚೀಫ್ ಈಗಲ್ ಟೆಸ್ಟಿಕಲ್’ ಎಂಬ, ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು ಕಾಲದಿಂದ ಕಾಲಕ್ಕೆ ಸಂಚರಿಸುವ, ಗಂಡು ಹೆಣ್ಣೆಂಬ ಗೆರೆಗೆ ಸಿಗದ ಪಾತ್ರವೊಂದನ್ನು ಸೃಷ್ಟಿಸಿ ಅದನ್ನು ಹಳೆಯ ಭವ್ಯ ಭೂದೃಶ್ಯಗಳೊಳಕ್ಕೆ ಕಳಿಸುತ್ತಾನೆ. ಡೆನ್ವರ್ ಕಲಾ ವಸ್ತುಸಂಗ್ರಹಾಲಯದಲ್ಲಿರುವ, 2013ರ ‘ಹಿಸ್ಟರಿ ಈಸ್ ಪೇಂಟೆಡ್ ಬೈ ದಿ ವಿಕ್ಟರ್ಸ್’ ಎಂಬ ಚಿತ್ರವನ್ನು ಅವಕಾಶ ಸಿಕ್ಕರೆ ನಿಧಾನವಾಗಿ ನೋಡಿ. ಹಿನ್ನೆಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಭೂದೃಶ್ಯ ಕಲಾವಿದ ಆಲ್ಬರ್ಟ್ ಬೀರ್‌ಸ್ಟಾಟ್ ಶೈಲಿಯ ಮುಗಿಲೆತ್ತರದ ಪರ್ವತ, ಕನ್ನಡಿಯಂಥ ಸರೋವರ. ದಡದಲ್ಲಿ ಅಮೆರಿಕದ ಅಶ್ವಸೈನ್ಯದ ಯುವಕರು ನೀಲಿ ಸಮವಸ್ತ್ರ ಕಳಚಿಟ್ಟು ಬೆತ್ತಲೆಯಾಗಿ ಮೀಯುತ್ತಿದ್ದಾರೆ. ಅವರ ಭಂಗಿಗಳು ಈಕಿನ್ಸ್‌ನ ಈಜುಗಾರರನ್ನು ನೆನಪಿಸುತ್ತವೆ. ಮಿಸ್ ಚೀಫ್ ಚಿತ್ರಫಲಕದ ಮುಂದೆ ನಿಂತು ಬರೆಯುತ್ತಿದ್ದಾಳೆ. ಆದರೆ ಅವಳು ಬರೆಯುತ್ತಿರುವುದು ಕಣ್ಣೆದುರಿನ ಚೆಲುವರನ್ನಲ್ಲ; ಲಕೋಟಾ ಜನರ ಚಿತ್ರಲಿಪಿಯ ಕ್ರಮದಲ್ಲಿ 1876ರ ಲಿಟಲ್ ಬಿಗ್‌ಹಾರ್ನ್ ಕಾಳಗವನ್ನು. ಅಮೆರಿಕದ ಅಶ್ವಸೈನ್ಯದ ಅಧಿಕಾರಿ ಕಸ್ಟರ್‌ನ ತುಕಡಿ ಮೂಲನಿವಾಸಿಗಳ ಕೈಯಲ್ಲಿ ನಾಶವಾದದ್ದು ಆ ಕಾಳಗದಲ್ಲಿ.

ಅಂದರೆ ಬಿಸಿಲಿನಲ್ಲಿ ಮೈಚಾಚಿರುವ ಈ ಯುವಕರು ಸಾಯಲಿರುವವರು, ಅವಳಿಗೆ ಅದು ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಬಯಕೆಯ ನೋಟವೂ ಸಾವಿನ ತಿಳಿವೂ ಒಬ್ಬರದೇ ಕಣ್ಣಿನಲ್ಲಿವೆ; ಮೊದಲ ಬಾರಿಗೆ ಆ ಕಣ್ಣು ಮೂಲನಿವಾಸಿಯದು. ನೂರು ವರ್ಷ ಬಿಳಿಯ ಕಲಾವಿದರು ಮೂಲನಿವಾಸಿಗಳನ್ನು ಅಳಿದುಹೋಗುತ್ತಿರುವ ಜನಾಂಗವೆಂದು ಮರುಕದಿಂದ ಬರೆದರು. ಮಂಕ್‌ಮನ್ ಕುಂಚವನ್ನು ಅವರ ಕೈಯಿಂದ ತೆಗೆದುಕೊಂಡು, ಯಾರ ಸಾವನ್ನು ಯಾರು ಚೆಲುವಾಗಿ ಬರೆಯುತ್ತಾರೆ ಎಂದು ತಿರುಗಿ ಕೇಳುತ್ತಾನೆ. ಮಿಸ್ ಚೀಫ್‌ಳ ಹೆಸರಿನಲ್ಲಿ, ಚಪ್ಪಲಿಯಲ್ಲಿ ನಗುವಿದೆ ನಿಜ. ನಗುತ್ತ ಹತ್ತಿರ ಬಂದವರನ್ನು ಚಿತ್ರ ಒಳಗಿನ ಫಲಕದ ಮುಂದೆ ತಂದು ನಿಲ್ಲಿಸುತ್ತದೆ. ಈ ಕಾರಣಕ್ಕೆ ಈ ಇಡೀ ಪರಂಪರೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಚಿತ್ರ ಇದು.

ಗಡಿಯ ದಕ್ಷಿಣಕ್ಕೆ ಹೋದರೆ ಮೆಕ್ಸಿಕೊದ ಫಾಬಿಯಾನ್ ಚೈರೆಸ್ 2014ರಲ್ಲಿ ಬರೆದ ‘ಲಾ ರೆವೊಲುಸಿಯೊನ್’ ಇದೆ. ಕ್ರಾಂತಿಯ ನಾಯಕ ಎಮಿಲಿಯಾನೊ ಸಪಾಟಾ ಬೆತ್ತಲೆಯಾಗಿ, ಗುಲಾಬಿ ಬಣ್ಣದ ಅಗಲ ಟೋಪಿ ತೊಟ್ಟು, ಪಿಸ್ತೂಲಿನ ಆಕಾರದ ಹಿಮ್ಮಡಿಯ ಚಪ್ಪಲಿಯಲ್ಲಿ ಬಿಳಿಯ ಕುದುರೆಯ ಮೇಲೆ ಕುಳಿತಿದ್ದಾನೆ. 1919ರಲ್ಲಿ ಮೋಸದಿಂದ ಕೊಲ್ಲಲ್ಪಟ್ಟ ಸಪಾಟಾನ ಸಾವಿಗೆ ನೂರು ವರ್ಷ ತುಂಬಿದಾಗ ಮೆಕ್ಸಿಕೊ ನಗರದ ಬೆಯಾಸ್ ಆರ್ತೆಸ್ ಅರಮನೆಯಲ್ಲಿ ನಡೆದ ಪ್ರದರ್ಶನದಲ್ಲಿ ಈ ಪುಟ್ಟ ಚಿತ್ರವೂ ಇತ್ತು. 2019ರ ಡಿಸೆಂಬರ್‌ನಲ್ಲಿ ರೈತ ಸಂಘಟನೆಗಳವರು ಒಳನುಗ್ಗಿ ಪ್ರತಿಭಟಿಸಿದರು, ಕೈಕೈ ಮಿಲಾಯಿಸುವವರೆಗೂ ಹೋಯಿತು. ಕೊನೆಗೆ ಚಿತ್ರ ಗೋಡೆಯ ಮೇಲೆಯೇ ಉಳಿಯಿತು, ಪಕ್ಕದಲ್ಲಿ ಕುಟುಂಬದವರ ಆಕ್ಷೇಪಣೆಯನ್ನೂ ಬರೆದು ಹಾಕಲಾಯಿತು. ಆ ರೈತರ ಸಿಟ್ಟನ್ನು ಹಗುರವಾಗಿ ಕಾಣಬಾರದು, ತಮ್ಮ ಹೊಲಗಳಿಗಾಗಿ ಸತ್ತವನ ನೆನಪು ಅವರದು. ಆದರೂ ಗಂಡಿನಂತೆ ಮೀಸೆ ತಿರುವಿದವನು ಮಾತ್ರ ಜನರಿಗಾಗಿ ಸಾಯಬಲ್ಲ ಎಂಬ ನಂಬಿಕೆಯನ್ನು ಒಂದು ಚಿಕ್ಕ ಚಿತ್ರ ಅಷ್ಟು ಅಲ್ಲಾಡಿಸಿತು ಎಂಬುದು ಅದರ ಬಲವನ್ನು ತೋರಿಸುತ್ತದೆ.

ಡೇವಿಡ್ ವೊಯ್ನರೋವಿಚ್‌ನನ್ನು ವರ್ಣಚಿತ್ರಗಳ ಮಾತಿನಲ್ಲಿ ತರಲು ಒಂದೇ ಕಾರಣವಿದೆ. ಹೋವ್ ಬರೆದಂಥ ಹಡಗುಕಟ್ಟೆಗಳ ಗೋಡೆಗಳ ಮೇಲೆಯೇ 1980ರ ದಶಕದ ಆರಂಭದಲ್ಲಿ ಚಿತ್ರ ಬಿಡಿಸಿದ ಈ ಕಲಾವಿದ, ತನ್ನ ಆಪ್ತ ಪೀಟರ್ ಹುಜಾರ್ 1987ರಲ್ಲಿ ಏಡ್ಸ್‌ನಿಂದ ಸತ್ತ ಮೇಲೆ, ವಾಷಿಂಗ್ಟನ್‌ನ ಸಂಗ್ರಹಾಲಯವೊಂದರ ಮಾದರಿ ದೃಶ್ಯದಲ್ಲಿ ಕಾಡೆಮ್ಮೆಗಳು ಕಡಿದಾದ ಬಂಡೆಯಿಂದ ಉರುಳುವುದರ ಛಾಯಾಚಿತ್ರ ತೆಗೆದ. ಅದರಲ್ಲಿ ಮನುಷ್ಯರೇ ಇಲ್ಲ. ಪಶ್ಚಿಮದ ಇತಿಹಾಸವೂ ಒಂದು ತಲೆಮಾರಿನ ಸಾವೂ ಆ ಬೀಳುವ ಪ್ರಾಣಿಗಳಲ್ಲಿ ಒಂದಾಗಿವೆ. ಅವನೂ 1992ರಲ್ಲಿ, 37ನೆಯ ವಯಸ್ಸಿನಲ್ಲಿ, ಅದೇ ಕಾಯಿಲೆಯಿಂದ ತೀರಿಕೊಂಡ.

ಕಲಾವಿದರ ಖಾಸಗಿ ಬದುಕನ್ನು ತಿಳಿಯದೆ ನೋಡಬಹುದೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಮಾರ್ಸ್‌ಡೆನ್ ಹಾರ್ಟ್ಲಿಯ ಉದಾಹರಣೆ ಕೊಡುತ್ತೇನೆ. ಅವನು ಕೌಬಾಯ್‌ನನ್ನು ಬರೆದವನಲ್ಲ. ಆದರೆ ಉಡುಪಿನ ಮೂಲಕ ಗಂಡಸಿನ ಪ್ರೀತಿಯನ್ನೂ ಸಾವನ್ನೂ ಹೇಳುವ ದಾರಿಯನ್ನು ಅಮೆರಿಕದ ಆಧುನಿಕ ಚಿತ್ರಕಲೆಯಲ್ಲಿ ಬಹಳ ಮೊದಲೇ ಕಂಡುಕೊಂಡವನು. ಬರ್ಲಿನ್‌ನಲ್ಲಿ ಅವನು ಪ್ರೀತಿಸಿದ ಸೈನ್ಯಾಧಿಕಾರಿ ಕಾರ್ಲ್ ಫಾನ್ ಫ್ರೈಬರ್ಗ್ 1914ರ ಅಕ್ಟೋಬರ್ 7ರಂದು ಯುದ್ಧದಲ್ಲಿ ಸತ್ತ. ಅದೇ ವರ್ಷ ಬರೆದ ‘ಪೋರ್ಟ್ರೇಟ್ ಆಫ್ ಎ ಜರ್ಮನ್ ಆಫೀಸರ್’ನಲ್ಲಿ ಮುಖವೇ ಇಲ್ಲ: ಕಪ್ಪು ಹಿನ್ನೆಲೆಯ ಮೇಲೆ ಕಬ್ಬಿಣದ ಶಿಲುಬೆಯ ಪದಕ, ಬಾವುಟದ ತುಂಡುಗಳು, ಕುಚ್ಚುಗಳು, ಚದುರಂಗದ ಮನೆಗಳು, ಸತ್ತವನ ವಯಸ್ಸಾದ 24, ಅವನ ಹೆಸರಿನ ಮೊದಲಕ್ಷರಗಳು. ಎಲ್ಲ ಒತ್ತೊತ್ತಾಗಿ ಸೇರಿ ಎದೆಯುಬ್ಬಿಸಿ ನಿಂತ ಮನುಷ್ಯನ ಮುಂಡದಂತೆ ಕಾಣುತ್ತವೆ. ಅಮೆರಿಕಕ್ಕೆ ಮರಳಿ 1916ರಲ್ಲಿ ಈ ಬಗೆಯ ಚಿತ್ರಗಳನ್ನು ತೋರಿಸುವಾಗ ಹಾರ್ಟ್ಲಿ ಅವುಗಳಲ್ಲಿ ಯಾವ ಗೂಢಾರ್ಥವೂ ಇಲ್ಲ, ಕಣ್ಣಿಗೆ ಕಂಡ ಆಕಾರಗಳಷ್ಟೇ ಎಂದು ಹೇಳಿಕೊಂಡ. ಜರ್ಮನ್ನರ ಮೇಲೆ ದ್ವೇಷ ಏರುತ್ತಿದ್ದ, ಸಲಿಂಗಪ್ರೇಮ ಅಪರಾಧವಾಗಿದ್ದ ದೇಶದಲ್ಲಿ ಅವನು ಬೇರೇನು ಹೇಳಬಹುದಿತ್ತು? ಮುಂದೆ 1918–19ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಕಳೆದು, ಆಮೇಲೆ ಮತ್ತೆ ಬರ್ಲಿನ್‌ನಲ್ಲಿ ಕುಳಿತು ಅಲ್ಲಿನ ಬೆಟ್ಟಗಳನ್ನು ನೆನಪಿನಿಂದ ಬರೆದಾಗ ಅವು ಮನುಷ್ಯರಿಲ್ಲದ, ಮೈಯಂತೆ ಉಬ್ಬಿ ಇಳಿಯುವ, ಕಪ್ಪು ಮೋಡದ ಬೆಟ್ಟಗಳಾದವು.

ಆ ಜರ್ಮನ್ ಅಧಿಕಾರಿಯ ಚಿತ್ರ ಇಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಏನೂ ತಿಳಿಯದೆ ನೋಡಿದರೂ ಅದು ಬಣ್ಣಗಳ ಬಲದಿಂದ ನಿಲ್ಲಿಸುತ್ತದೆ, ಮತ್ತು ಹಾಗೆ ನೋಡುವುದು ತಪ್ಪಲ್ಲ. ಆದರೆ ಭಯದಿಂದ ಕಲಾವಿದ ಹೇಳಲಾಗದೆ ಹೋದದ್ದನ್ನು ನಾವೂ ಹೇಳದೆ ಉಳಿಸಿದರೆ ಆ ಭಯವನ್ನೇ ಮುಂದುವರಿಸಿದಂತಾಗುತ್ತದೆ. ಆದ್ದರಿಂದ ಮೊದಲು ಚಿತ್ರವನ್ನು ಸಾಕಷ್ಟು ಹೊತ್ತು ನೋಡಿ, ಆಮೇಲೆ ಗೋಡೆಯ ಮೇಲಿನ ಬರಹ ಓದಿ. ಅದರಲ್ಲಿ ಬರಿಯ ‘ಗೆಳೆಯ’ ಎಂದಷ್ಟೇ ಇದ್ದರೆ, ಆ ಗೆಳೆಯ ಯಾರು, ಅವನು ಸತ್ತದ್ದು ಯಾವಾಗ ಎಂದು ಸಂಗ್ರಹಾಲಯದವರನ್ನು ಕೇಳಿ.